ಹಾಲಿ ಅಧ್ಯಕ್ಷ ಕೃಷ್ಣಪ್ಪ

ನಮ್ಮ ಓಲ್ಡ್ ಟೌನಿಗೆ ಹೊಸಬರು ಯಾರಾದರೂ ಬಂದು ಕೃಷ್ಣಪ್ಪನವರ ಕಣ್ಣಿಗೆ ಬಿದ್ದರೆ ಮುಗಿಯಿತು. ಕೈಗೆ ಮೆತ್ತಿದ ಗ್ರೀಸನ್ನು ಬನಿಯನ್ನಿಗೆ ಒರೆಸಿಕೊಂಡು, ಎದೆಯನ್ನು ಸ್ವಲ್ಪ ಮುಂದಕ್ಕೆ ತಂದು, ಯಾರೂ ಕೇಳದಿದ್ದರೂ ತಮ್ಮ ಪರಿಚಯ ತಾವೇ ಮಾಡಿಕೊಳ್ಳುತ್ತಾರೆ. "ನಾನು ಕೃಷ್ಣಪ್ಪ ಅಂತ. ಭದ್ರಾವತಿ ಬಾಡಿಗೆ ಸೈಕಲ್ ಅಂಗಡಿ ಮಾಲೀಕರ ಸಂಘದ ಹಾಲಿ ಅಧ್ಯಕ್ಷ." ಕೇಳಿಸಿಕೊಂಡವರು ಈಗಿನ ಕಾಲದಲ್ಲಿ ಸೈಕಲನ್ನು ಬಾಡಿಗೆಗೆ ತೆಗೆದುಕೊಳ್ಳುವವರು ಯಾರಪ್ಪ ಎಂದು ಯೋಚಿಸುವಷ್ಟರಲ್ಲಿ ಇವರು ಟೀ ತರಿಸಿರುತ್ತಾರೆ.

ಅವರ ಅಂಗಡಿಗೂ ನನ್ನ ಜೆರಾಕ್ಸ್ ಅಂಗಡಿಗೂ ನಡುವೆ ಇರುವುದು ಒಂದು ತೆಳ್ಳನೆಯ ಹಲಗೆ. ನನ್ನ ಹೆಸರು ಮೈತ್ರಿ, ಅಂಗಡಿಯ ಹೆಸರೂ ಮೈತ್ರಿ. ಎರಡಕ್ಕೂ ನನ್ನ ಸ್ವಭಾವಕ್ಕೂ ಏನೇನೂ ಸಂಬಂಧವಿಲ್ಲ ಎಂದು ನನ್ನ ಗಿರಾಕಿಗಳು ಹೇಳಿಕೊಂಡು ತಿರುಗುತ್ತಾರೆ. ಹೇಳಲಿ. ಬೆಳಗಿನಿಂದ ಸಂಜೆಯವರೆಗೆ ಊರಿನವರ ಅರ್ಜಿ, ಕರಾರುಪತ್ರ, ಪಾಲುಪಟ್ಟಿ ಟೈಪ್ ಮಾಡುತ್ತಾ ಕೂತವಳಿಗೆ ನಗುಮುಖ ಎಲ್ಲಿಂದ ಬರಬೇಕು?

ಈ 'ಹಾಲಿ' ಎನ್ನುವ ಮಾತು ನನ್ನ ಬೆರಳಿಗೆ ಅಂಟಿಕೊಂಡಿರುವುದೂ ಅದೇ ಕೆಲಸದಿಂದ. ಹಾಲಿ ವಾಸ ಭದ್ರಾವತಿ. ಸದರಿ ನಿವೇಶನದಲ್ಲಿ ಹಾಲಿ ಇರುವ ಹಂಚಿನ ಮನೆ, ಹಾಲಿ ಇರುವ ತೆಂಗಿನಮರ, ಹಾಲಿ ಇರುವ ಬಾವಿ. ಬರೀ 'ಇರುವ ಬಾವಿ' ಎಂದರೆ ಸಾಲದೇ ಎಂದು ಶುರುವಿನಲ್ಲಿ ನನಗೂ ಅನಿಸುತ್ತಿತ್ತು. ಟೈಪ್ ಮಾಡುತ್ತಾ ಮಾಡುತ್ತಾ ಗೊತ್ತಾಯಿತು, ಸಾಲದು. ಆಕಾಶಕ್ಕೆ ಯಾರೂ ಹಾಲಿ ಆಕಾಶ ಎನ್ನುವುದಿಲ್ಲ. ಭದ್ರಾ ನದಿಗೆ ಹಾಲಿ ನದಿ ಎನ್ನುವುದಿಲ್ಲ. ಎಂದಾದರೂ ಹೋಗಿಬಿಡಬಹುದಾದದ್ದು, ಜೊತೆಯವು ಎಷ್ಟೋ ಆಗಲೇ ಹೋಗಿರುವಂಥದ್ದು, ಆದರೂ ಈ ಹೊತ್ತಿಗೆ ಇಲ್ಲೇ ಇರುವಂಥದ್ದು, ಅದಕ್ಕೆ ಮಾತ್ರ ಹಾಲಿ. ಹಾಲಿ ಶಾಸಕರು ಎಂದ ಕೂಡಲೇ ಪಕ್ಕದಲ್ಲಿ ಮಾಜಿ ಶಾಸಕರೊಬ್ಬರು ಕೈಕಟ್ಟಿ ನಿಂತಂತೆ ಕಾಣುತ್ತದೆ.

ಇದು ಕೃಷ್ಣಪ್ಪನವರಿಗೆ ತಿಳಿಯದ ಸಂಗತಿ. ಅವರ ಪಾಲಿಗೆ ಹಾಲಿ ಎಂದರೆ ಹೆಸರಿನ ಮುಂದೆ ಹಚ್ಚುವ ಬಣ್ಣ. ಒಂದು ಸಲ ಗೃಹಪ್ರವೇಶದ ಊಟಕ್ಕೆ ಹೋದಾಗ, ಹುಮ್ಮಸ್ಸಿನಲ್ಲಿ, ಜೊತೆಗಿದ್ದ ಈಶ್ವರಮ್ಮನವರನ್ನು ತೋರಿಸಿ "ಇವರು ನನ್ನ ಹಾಲಿ ಹೆಂಡತಿ" ಎಂದುಬಿಟ್ಟರು. ಪಂಕ್ತಿಯಲ್ಲಿ ಕೂತವರೆಲ್ಲ ತುತ್ತು ಬಿಟ್ಟು ತಲೆಯೆತ್ತಿದರು. ಈಶ್ವರಮ್ಮನವರು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

"ಹಾಲಿ ಅಂತೆ ಹಾಲಿ! ಹಂಗಾದ್ರೆ ಮಾಜಿ ಯಾರು, ಮುಂದೆ ಬರೋಳು ಯಾರು, ಅದನ್ನೂ ಹೇಳ್ಬಿಡಿ, ಜನ ಕಾಯ್ತಾ ಇದಾರೆ" ಎಂದು ದಾರಿಯುದ್ದಕ್ಕೂ ತರಾಟೆಗೆ ತೆಗೆದುಕೊಂಡರು. ಆಮೇಲೆ ಬಹಳ ದಿನ ನಮ್ಮ ಬೀದಿಯ ಹೆಂಗಸರು ಅವರನ್ನು "ಏನ್ರೀ ಹಾಲಿಯವ್ರೇ" ಎಂದೇ ಕರೆಯುತ್ತಿದ್ದರು. ಕರೆದವರಲ್ಲಿ ನಾನೂ ಇದ್ದೆ.

ಸಂಘ ಎನ್ನುವುದು ಕೃಷ್ಣಪ್ಪನವರ ತಲೆಯಲ್ಲಿ ಹುಟ್ಟಿದ ಕತೆಯೇನೂ ಅಲ್ಲ. ಕಾರ್ಖಾನೆಗಳಿಗೆ ಪಾಳಿಯ ಮೇಲೆ ಜನ ಸಾಲುಗಟ್ಟಿ ಹೋಗುತ್ತಿದ್ದ ಕಾಲದಲ್ಲಿ ಭದ್ರಾವತಿಯ ಮೂಲೆಮೂಲೆಗೂ ಬಾಡಿಗೆ ಸೈಕಲ್ ಅಂಗಡಿ ಇತ್ತು. ಮಡ್‌ಗಾರ್ಡಿನ ಮೇಲೆ ಅಂಗಡಿಯ ಹೆಸರು, ನಂಬರು. ಕ್ವಾರ್ಟರ್ಸಿನಿಂದ ತಮಿಳಿನಲ್ಲಿ ಕೇಳಿಕೊಂಡು ಬರುವವರು, ತೆಲುಗಿನಲ್ಲಿ ಚೌಕಾಸಿ ಮಾಡುವವರು, ಸಂತೆಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು, ಎಲ್ಲರಿಗೂ ಗಂಟೆಯ ಲೆಕ್ಕದಲ್ಲಿ ಸೈಕಲ್ ಬೇಕು. ಅಷ್ಟು ಅಂಗಡಿಗಳಿದ್ದ ಮೇಲೆ ಸಂಘ, ಸಂಘ ಇದ್ದ ಮೇಲೆ ಅಧ್ಯಕ್ಷ, ಅಧ್ಯಕ್ಷ ಎಂದ ಮೇಲೆ ಚುನಾವಣೆ.

ಆ ಚುನಾವಣೆಯ ಬಗೆ ಮಾತ್ರ ಬೇರೆಲ್ಲೂ ಇರಲಿಕ್ಕಿಲ್ಲ. ಓಟು ಹಾಕಿದರೆ ಬೀದಿಬೀದಿಗೆ ವೈರ ಹುಟ್ಟುತ್ತದೆ ಎಂದು ಸಂಘ ಕಟ್ಟಿದ ಹಿರಿಯರು ನಿಧಾನ ಸೈಕಲ್ ಪಂದ್ಯ ಇಟ್ಟರು. ಮೈದಾನದಲ್ಲಿ ಎಲ್ಲರೂ ಒಟ್ಟಿಗೆ ಹೊರಡಬೇಕು, ಕಾಲು ನೆಲಕ್ಕೆ ತಾಗಬಾರದು, ಸೈಕಲ್ ಬೀಳಬಾರದು, ಗೆರೆಯನ್ನು ಎಲ್ಲರಿಗಿಂತ ಕೊನೆಗೆ ದಾಟಿದವನು ಅಧ್ಯಕ್ಷ. ಹಿಂದೆ ಬಿದ್ದವರನ್ನು ಅಧ್ಯಕ್ಷ ಮಾಡುವ ಸಂಘ ಇಡೀ ದೇಶದಲ್ಲಿ ಇದೊಂದೇ ಎಂದು ಬರೆಯಲು ಹೊರಟಿದ್ದೆ, ಟಿವಿಯಲ್ಲಿ ವಾರ್ತೆ ಬರುತ್ತಿತ್ತು, ಸುಮ್ಮನಾದೆ.

ಹೀಗೆ ನಡೆದ ಕೊನೆಯ ಪಂದ್ಯದಲ್ಲಿ ಉಳಿದವರು ಇಬ್ಬರು. ಒಬ್ಬರು ಕೃಷ್ಣಪ್ಪ. ಇನ್ನೊಬ್ಬರು ರಸ್ತೆಯ ಆಚೆ ಬದಿಗೆ, ಸರಿಯಾಗಿ ಇವರ ಎದುರಿಗೇ ಅಂಗಡಿ ಇಟ್ಟಿದ್ದ ಗುಲಾಮ್ ಮೊಹಿದ್ದೀನ್. ಒಂದೇ ಬೀದಿಯಲ್ಲಿ ಆಡಿ ಬೆಳೆದವರು, ಒಬ್ಬರ ಮದುವೆಗೆ ಇನ್ನೊಬ್ಬರು ನೀರು ಹೊತ್ತವರು. ಮೊಹಿದ್ದೀನ್ ಮೊದಲು ಗೆರೆ ದಾಟಿದರು, ಕೃಷ್ಣಪ್ಪ ಆಮೇಲೆ ದಾಟಿ ಅಧ್ಯಕ್ಷರಾದರು. ಹಾರ ಹಾಕುವ ಹೊತ್ತಿಗೆ ಮೊಹಿದ್ದೀನ್ ಕೂಗಿದರು, "ಇವ್ನ ಕಾಲು ನೆಲಕ್ಕೆ ತಾಗಿದೆ. ನಾನು ಕಣ್ಣಾರೆ ನೋಡಿದೀನಿ." ಕೃಷ್ಣಪ್ಪ ದೇವರ ಆಣೆ ಇಟ್ಟು ಇಲ್ಲ ಎಂದರು. ಹಾರ ಕೊರಳಿಗೆ ಬಿತ್ತು, ಇಬ್ಬರ ನಡುವಿನ ಮಾತು ನಿಂತುಹೋಯಿತು.

ನಿಂತಿತು ಎಂದರೆ ನೇರವಾಗಿ ಆಡುವುದು ನಿಂತಿತು, ಅಷ್ಟೇ. ಕೊಡುಕೊಳ್ಳುವುದು ಒಂದು ದಿನವೂ ನಿಲ್ಲಲಿಲ್ಲ. ನನ್ನನ್ನು ನಡುವೆ ಕೂರಿಸಿಕೊಂಡು ಸಂಸಾರ ನಡೆಸಿದರು. "ಮೈತ್ರಿ, ಎದುರುಗಡೆಯವ್ರಿಗೆ ಹೇಳು, ನಮ್ಮ ಪಂಪ್ ತಗೊಂಡು ಹೋದೋರು ಮರ್ತೇಬಿಟ್ರು ಅಂತ." ಆಚೆಯಿಂದ ಮೊಹಿದ್ದೀನ್ ಚಾಚಾ, "ಮೈತ್ರಿ ಬೇಟಿ, ಆ ಕಡೆಯೋರಿಗೆ ಹೇಳು, ನಮ್ಮ ಸ್ಪ್ಯಾನರ್ ಬಂದ್ರೆ ಅವ್ರ ಪಂಪ್ ಬರುತ್ತೆ ಅಂತ." ಇಬ್ಬರಿಗೂ ಇಬ್ಬರ ಮಾತೂ ಚೆನ್ನಾಗಿ ಕೇಳಿಸುತ್ತಿತ್ತು. ಆದರೂ ನಾನು ಮತ್ತೊಂದು ಸಲ ಹೇಳಬೇಕು. ಹೇಳದಿದ್ದರೆ ಕೇಳಿಸಿಕೊಂಡಿಲ್ಲ ಎಂದು ಲೆಕ್ಕ.

ಆಮೇಲೆ ಸಂಘದಲ್ಲಿ ಚುನಾವಣೆಯೇ ನಡೆಯಲಿಲ್ಲ. ಒಬ್ಬೊಬ್ಬರೇ ಅಂಗಡಿ ಮುಚ್ಚಿದರು. ಒಬ್ಬರದು ಬೇಕರಿಯಾಯಿತು, ಒಬ್ಬರದು ಸ್ಕೂಟರ್ ಸರ್ವೀಸ್ ಆಯಿತು, ಕೆಲವರು ತಾವೇ ಇಲ್ಲವಾದರು. ಕೊನೆಗೆ ಉಳಿದದ್ದು ಎದುರುಬದುರಿನ ಈ ಎರಡು ಅಂಗಡಿ. ಎರಡರಲ್ಲೂ ಪಂಕ್ಚರ್ ಕೆಲಸವೇ ಹೆಚ್ಚು. ನಂಬರು ಬರೆದ ಸೈಕಲ್ಲುಗಳು ಹಿಂದಿನ ಗೋಡೆಗೆ ಒರಗಿ ನಿಂತಿದ್ದವು. ಇಳಿಸುವವರು ಯಾರೂ ಇಲ್ಲದ್ದರಿಂದ ಕೃಷ್ಣಪ್ಪ ಹಾಲಿಯಾಗಿಯೇ ಉಳಿದರು.

ಹೀಗಿರುವಾಗ ಶಿವಮೊಗ್ಗದ ಗೋಪಾಳದಿಂದ ಒಂದು ಸೈಕಲ್ ಕ್ಲಬ್ಬಿನವರು ನಮ್ಮ ಬೀದಿಗೆ ಬಂದರು. ಬೆಳಿಗ್ಗೆ ಬೆಳಿಗ್ಗೆಯೇ ತಲೆಗೆ ಹೆಲ್ಮೆಟ್ಟು, ಮೈಗೆ ಅಂಟಿಕೊಂಡ ಬಣ್ಣಬಣ್ಣದ ಬಟ್ಟೆ. ಈಶ್ವರಮ್ಮನವರು ನೋಡಿ "ಪಾಪ, ಬಟ್ಟೆ ಸಾಕಾಗಿಲ್ಲ" ಎಂದು ಮುಖ ತಿರುಗಿಸಿದರು. ಅವರ ಕಾರ್ಯದರ್ಶಿ ಪ್ರಕಾಶ್ ಎನ್ನುವ ಬ್ಯಾಂಕ್ ಉದ್ಯೋಗಿ, ಟೀ ಕುಡಿಯಲು ನಿಂತವರು ಮಡ್‌ಗಾರ್ಡಿನ ನಂಬರುಗಳನ್ನು ಕಂಡು ಮರುಳಾದರು. ಕೃಷ್ಣಪ್ಪನವರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ತಮ್ಮ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ನೀವೇ ಮುಖ್ಯ ಅತಿಥಿ ಎಂದು ಹೇಳಿಹೋದರು. ಕೃಷ್ಣಪ್ಪನವರು ಅಂದೇ ಬಿಳಿ ಪಂಚೆಯನ್ನು ಇಸ್ತ್ರಿಗೆ ಕೊಟ್ಟರು.

ಆಮಂತ್ರಣ ಬಂದದ್ದು ನನ್ನ ವಾಟ್ಸಾಪಿಗೆ. ಅವರದು ಬಟನ್ ಫೋನು. ನಾನು ಅದನ್ನು ದೊಡ್ಡದಾಗಿ ಪ್ರಿಂಟ್ ತೆಗೆದು, ಹಲಗೆಯ ಮೇಲಿನಿಂದ ದಾಟಿಸಿದೆ.  ಆಚೆ ಬದಿಯಿಂದ ಒಂದು ಸಣ್ಣ ದನಿ ಬಂತು.

"ಮೈತ್ರಿ, ಇಲ್ಲಿ 'ಮಾಜಿ ಅಧ್ಯಕ್ಷರು' ಅಂತ ಹಾಕಿದಾರೆ ಕಣಮ್ಮ."

"ಹೋಗ್ಲಿ ಬಿಡಿ ಅಣ್ಣ, ಹೆಸರು ಸರಿಯಾಗಿ ಹಾಕಿದಾರಲ್ಲ."

"ಹೆಸರು ತಪ್ಪಾಗಿದ್ರೆ ಪರ್ವಾಗಿರ್ಲಿಲ್ಲ. ಮಾಜಿ ಅಂತೆ! ನಾನು ಯಾವಾಗ ಹೋದೆ? ಎಲ್ಲಿಗೆ ಹೋದೆ? ಬೆಳಗ್ಗೆ ಬಾಗಿಲು ತೆಗೆದು ಇಲ್ಲೇ ಕೂತಿದೀನಲ್ಲ!"

ನನ್ನ ಫೋನಿನಲ್ಲೇ ಪ್ರಕಾಶರಿಗೆ ಕರೆ ಮಾಡಿಸಿದರು. ಪಾಪ, ಆ ಮನುಷ್ಯ ತುಂಬಾ ವಿನಯದಿಂದಲೇ ಮಾತಾಡಿದರು. "ತಪ್ಪು ತಿಳ್ಕೋಬೇಡಿ ಸಾರ್. ಬಾಡಿಗೆ ಸೈಕಲ್ ಅಂಗಡಿಗಳೆಲ್ಲ ಹೋದ್ವಲ್ಲ, ಸಂಘನೂ ಇರಲ್ಲ ಅನ್ಕೊಂಡ್ವಿ. ಇದ್ರೆ ಹೇಳಿ, ಈಗ್ಲೇ ಹಾಲಿ ಅಂತ ಬದಲಾಯಿಸ್ತೀವಿ. ಸದಸ್ಯರು ಯಾರ್ಯಾರು ಇದಾರೆ ಸಾರ್?"

ಕೃಷ್ಣಪ್ಪನವರು ಫೋನನ್ನು ಕಿವಿಗೆ ಒತ್ತಿಕೊಂಡೇ ರಸ್ತೆಯ ಆಚೆ ನೋಡಿದರು. ಮೊಹಿದ್ದೀನ್ ಚಾಚಾ ಅಂಗಡಿಯ ಮೆಟ್ಟಿಲ ಮೇಲೆ ಕೂತು ಟ್ಯೂಬಿಗೆ ಅಂಟು ಬಳಿಯುತ್ತಿದ್ದರು.

"ಇದಾರೆ" ಎಂದರು ಕೃಷ್ಣಪ್ಪ.

"ಹಾಗಾದ್ರೆ ಅವರನ್ನೂ ಕರ್ಕೊಂಡು ಬನ್ನಿ ಸಾರ್ ಭಾನುವಾರ. ವೇದಿಕೆ ಮೇಲೆ ಕೂರ್ಸೋಣ."

ಫೋನು ಇಟ್ಟ ಮೇಲೆ ಅವರಿಗೆ ತಾವು ಒಪ್ಪಿಕೊಂಡದ್ದು ಏನು ಎಂದು ತಿಳಿಯಿತು. ಅಧ್ಯಕ್ಷ ಹಾಲಿ ಇರಬೇಕಾದರೆ ಸಂಘ ಹಾಲಿ ಇರಬೇಕು. ಸಂಘ ಹಾಲಿ ಇರಬೇಕಾದರೆ ಒಬ್ಬನಾದರೂ ಸದಸ್ಯ ಬೇಕು. ಇಡೀ ಭದ್ರಾವತಿಯಲ್ಲಿ ಅಂಥವನು ಒಬ್ಬನೇ ಉಳಿದಿದ್ದ, ಅವನ ಜೊತೆಗೇ ಮಾತಿಲ್ಲ.

ಸಾಲದ್ದಕ್ಕೆ ಅದೇ ಮಧ್ಯಾಹ್ನ ಮೊಹಿದ್ದೀನ್ ಚಾಚಾರ ಹೆಂಡತಿ ಅಮೀರುನ್ನೀಸಾ ಆಪಾ ಕರೆಂಟ್ ಬಿಲ್ಲು ಜೆರಾಕ್ಸ್ ಮಾಡಿಸಲು ನನ್ನ ಅಂಗಡಿಗೆ ಬಂದರು. ಏನು ವಿಶೇಷ ಎಂದು ಕೇಳಿದೆ. "ಅಂಗಡಿ ಮುಸ್ತಕೀಮ್ ಹೆಸ್ರಿಗೆ ಮಾಡ್ತಿದೀವಮ್ಮ. ಮೊಬೈಲ್ ಕವರು, ಚಾರ್ಜರು ಇಡ್ತಾನಂತೆ ಮಗ. ಸೈಕಲ್‌ಗಳನ್ನೆಲ್ಲ ಶನಿವಾರ ಗುಜರಿಯವನು ಬಂದು ತುಂಬ್ಕೊಂಡು ಹೋಗ್ತಾನೆ. ನಮ್ಮೋರು ಹೂಂ ಅಂದಿದಾರೆ, ಆದ್ರೆ ಊಟಾನೇ ಸೇರ್ತಿಲ್ಲ ಅವ್ರಿಗೆ" ಎಂದರು.

ಹಲಗೆಯ ಆಚೆ ಏನೋ ಲೋಹದ್ದು ಕೆಳಗೆ ಬಿದ್ದ ಸದ್ದಾಯಿತು. ಕೃಷ್ಣಪ್ಪನವರು ಕೈಯಲ್ಲಿದ್ದ ಪೆಡಲನ್ನು ಬೀಳಿಸಿಕೊಂಡಿದ್ದರು.

ಮೊದಲ ಪ್ರಯತ್ನ ಎಂದಿನಂತೆ ನನ್ನ ಮೂಲಕವೇ ನಡೆಯಿತು. ನಾನು ಅಂಗಡಿ ಬಿಟ್ಟು ರಸ್ತೆ ದಾಟಿ ಹೋಗಿ, ಸಂಘದಲ್ಲಿ ನೀವು ಇದ್ದೀರೋ ಇಲ್ಲವೋ ಎಂದು ಆ ಕಡೆಯವರು ಕೇಳುತ್ತಿದ್ದಾರೆ ಎಂದೆ. ಮೊಹಿದ್ದೀನ್ ಚಾಚಾ ತಲೆ ಎತ್ತಲಿಲ್ಲ. "ಶನಿವಾರದ ಮೇಲೆ ಅಂಗಡಿನೇ ಇರಲ್ಲ, ಸಂಘ ಎಲ್ಲಿಂದ ಬೇಟಿ? ನಾನು ಮಾಜಿ ಅಂತ ಹೇಳು. ಅವ್ನೂ ಮಾಜಿ ಅಂತ ಹೇಳು. ಇಬ್ರೂ ಮಾಜಿ. ಖುಷಿಯಾಗಿರ್ಲಿ" ಎಂದರು. ಖುಷಿ ಎನ್ನುವಾಗ ಅವರ ಮುಖ ನೋಡಬೇಕಿತ್ತು, ಹುಳಿ ಮಜ್ಜಿಗೆ ಕುಡಿದವರ ಹಾಗಿತ್ತು.

ಉತ್ತರವನ್ನು ಹೊತ್ತು ತಂದು ಒಪ್ಪಿಸಿದೆ. ಕೃಷ್ಣಪ್ಪನವರು ಶುಕ್ರವಾರ ಸಂಜೆಯವರೆಗೂ ಒಂದೇ ಟಯರನ್ನು ಬಿಚ್ಚುತ್ತಾ ಹಾಕುತ್ತಾ ಕಾಲ ಕಳೆದರು. ನೋಡಿ ನೋಡಿ ಈಶ್ವರಮ್ಮನವರಿಗೆ ರೇಗಿತು.

"ಈ ಹುಡುಗಿ ಕಾಲು ಸವೆಸೋದು ಸಾಕು. ನೀವೇ ಹೋಗಿ ಕೇಳಿ. ರಸ್ತೆ ದಾಟಕ್ಕೆ ಪಾಸ್‌ಪೋರ್ಟ್ ಬೇಕಾ?"

"ಅವನು ಕಾಲಿನ ವಿಷ್ಯ ಎತ್ತುತ್ತಾನೆ ಕಣೆ."

"ಎತ್ತಲಿ. ತಾಗಿಲ್ಲ ಅಂದ್ರೆ ತಾಗಿಲ್ಲ ಅನ್ನಿ, ಅಷ್ಟೇ ತಾನೇ?"

ಕೃಷ್ಣಪ್ಪನವರು ಮತ್ತೆ ಅದೇ ಟಯರಿಗೆ ಕೈ ಹಾಕಿದರು. ಈಶ್ವರಮ್ಮನವರು ಗಂಡನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಒಳಗೆ ಹೋದರು. ಆಗಲೇ ನನಗೂ ಅನುಮಾನ ಬಂತು.

ಶನಿವಾರ ಗುಜರಿಯವನ ಲಗೇಜ್ ಆಟೋ ಎದುರು ಅಂಗಡಿಯ ಮುಂದೆ ಬಂದು ನಿಂತಿತು. ಮುಸ್ತಕೀಮ್ ಒಂದೊಂದೇ ಸೈಕಲ್ ತಂದು ಹೊರಗೆ ನಿಲ್ಲಿಸುತ್ತಿದ್ದ. ಮೊಹಿದ್ದೀನ್ ಚಾಚಾ ಕುರ್ಚಿಯನ್ನು ರಸ್ತೆಗೆ ಬೆನ್ನು ಮಾಡಿ ಹಾಕಿಕೊಂಡು ಕೂತಿದ್ದರು. ನನ್ನ ಗಿರಾಕಿಯೊಬ್ಬರು ಮದುವೆ ನೋಂದಣಿಯ ಅರ್ಜಿ ಹಿಡಿದು ಅವಸರ ಮಾಡುತ್ತಿದ್ದರು, ಮದುವೆ ಎಲ್ಲಿಗೂ ಓಡಿಹೋಗಲ್ಲ ಕೂತ್ಕೊಳ್ಳಿ ಎಂದು ಗದರಿ ಬಾಗಿಲಿಗೆ ಬಂದು ನಿಂತೆ.

ಕೃಷ್ಣಪ್ಪನವರು ತಮ್ಮ ಅಂಗಡಿಯಿಂದ ಇಳಿದರು. ಆ ಕಡೆ ಈ ಕಡೆ ನೋಡದೆ ರಸ್ತೆ ದಾಟಿದರು. ಬಸ್ಸಿನವನೊಬ್ಬ ಬ್ರೇಕ್ ಹಾಕಿ ಬೈದ, ಅದೂ ಅವರಿಗೆ ಕೇಳಿಸಲಿಲ್ಲ. ಮೊಹಿದ್ದೀನರ ಅಂಗಡಿಯ ಮೆಟ್ಟಿಲ ಮೇಲೆ ಕಾಲಿಟ್ಟು, ಗಂಟಲು ಸರಿಮಾಡಿಕೊಂಡು ಹೇಳಿದರು.

"ಒಂದು ಸೈಕಲ್ ಬಾಡಿಗೆಗೆ ಬೇಕಾಗಿತ್ತು."

ಮೊಹಿದ್ದೀನ್ ಚಾಚಾ ತಿರುಗಿಯೂ ನೋಡದೆ "ಎಷ್ಟು ಹೊತ್ತು ಬೇಕು?" ಎಂದರು. ಜೀವಮಾನವಿಡೀ ಗಿರಾಕಿಗಳಿಗೆ ಕೇಳಿದ ಪ್ರಶ್ನೆ, ತಾನಾಗಿ ಬಾಯಿಂದ ಬಂದುಬಿಟ್ಟಿತ್ತು. ಕೇಳಿದ ಮೇಲೆ ಯಾರಿಗೆ ಕೇಳಿದೆ ಎಂದು ತಿಳಿದು, ಕುರ್ಚಿಯಲ್ಲೇ ಗರಕ್ಕನೆ ತಿರುಗಿದರು.

"ನಾಳೆ ಗೋಪಾಳಕ್ಕೆ ಹೋಗ್ಬೇಕು. ವಾಪಸ್ ಯಾವಾಗ ಬರ್ತೀನೋ ಗೊತ್ತಿಲ್ಲ."

ಇಲ್ಲೊಂದು ಮಾತು ಹೇಳಬೇಕು. ಬಾಡಿಗೆ ಸೈಕಲ್ಲಿನವರಲ್ಲಿ ಒಂದು ಪದ್ಧತಿ ಉಂಟು. ಹೊರಗೆ ಹೋದ ಸೈಕಲ್ ವಾಪಸ್ ಬರುವವರೆಗೆ ಅಂಗಡಿಯ ಬಾಗಿಲು ಹಾಕುವಂತಿಲ್ಲ. ಗಿರಾಕಿ ಎಲ್ಲೋ ಪಂಕ್ಚರಾಗಿ ತಳ್ಳಿಕೊಂಡು ಬರುತ್ತಿರಬಹುದು, ಬಂದಾಗ ಅಂಗಡಿ ಮುಚ್ಚಿದ್ದರೆ ಅವನು ಎಲ್ಲಿಗೆ ಹೋಗಬೇಕು? ಊಟ ಬಿಟ್ಟು, ನಿದ್ದೆ ಬಿಟ್ಟು ಕಾದವರಿದ್ದಾರೆ. ಹಾಗಾಗಿ ಕೃಷ್ಣಪ್ಪನವರು ಕೇಳುತ್ತಿರುವುದು ಬರೀ ಸೈಕಲ್ಲಲ್ಲ ಎಂದು ಮೊಹಿದ್ದೀನರಿಗೆ ಆ ಕ್ಷಣವೇ ಅರ್ಥವಾಗಿತ್ತು.

"ನಿನ್ನ ಅಂಗಡಿ ತುಂಬಾ ಸೈಕಲ್ ಇದೆಯಲ್ಲೋ. ನನ್ನದ್ಯಾಕೆ?"

"ನಿನ್ನದೇ ಬೇಕು ಮಾರಾಯ."

"ಕೊಡ್ತೀನಿ. ಮೊದ್ಲು ಒಂದು ಮಾತು ಹೇಳು. ಅವತ್ತು ಕಾಲು ತಾಗಿತ್ತೋ ಇಲ್ವೋ?"

ಬೀದಿಯೇ ಕಿವಿಯಾಗಿತ್ತು. ಟೀ ಅಂಗಡಿಯವರು ಸ್ಟವ್ ಸಣ್ಣ ಮಾಡಿದರು. ಗುಜರಿಯವನಿಗೆ ಏನೂ ತಿಳಿಯದಿದ್ದರೂ ಅವನೂ ಕೈಯಲ್ಲಿದ್ದ ಹಗ್ಗ ಬಿಟ್ಟು ನಿಂತ. ಕೃಷ್ಣಪ್ಪನವರು ತಮ್ಮ ಬಲಗಾಲನ್ನು ಒಮ್ಮೆ ನೋಡಿಕೊಂಡರು.

"ತಾಗಿತ್ತು ಕಣೋ. ಪೂರ್ತಿ ಪಾದ ಅಲ್ಲ. ಹೆಬ್ಬೆರಳು."

"ಹೆಬ್ಬೆರಳು ಕಾಲಲ್ಲದೆ ಮತ್ತೇನು, ಮೂಗಾ? ಇಷ್ಟು ವರ್ಷ ಹೇಳಕ್ಕೆ ಏನಾಗಿತ್ತೋ ನಿಂಗೆ? ನನ್ನನ್ನ ಸುಳ್ಳುಗಾರ ಮಾಡಿದ್ಯಲ್ಲೋ ಊರ ಮುಂದೆ!"

"ಹೇಳಿದ್ರೆ ನಾನು ಅವತ್ತೇ ಮಾಜಿ ಆಗ್ತಿದ್ದೆ. ಆಸೆ ಕಣೋ. ಆ ಹಾರ, ಆ ಹೆಸರು. ಹೇಳ್ಬೇಕು ಹೇಳ್ಬೇಕು ಅಂತ ದಿನಾ ಈ ಕಡೆ ನೋಡ್ತಿದ್ದೆ, ನೀನು ಆ ಕಡೆ ತಿರುಗಿ ಕೂರ್ತಿದ್ದೆ."  "ಈಗ ಹೇಳಿದ್ದಾಯ್ತಲ್ಲ. ಅವತ್ತಿಂದ ಅಧ್ಯಕ್ಷ ನೀನೇ. ಹಾಲಿ ನೀನು. ಅಧ್ಯಕ್ಷ ಆದೋನು ಅಂಗಡಿ ಮುಚ್ಚಬೇಡ. ನಿಂದೂ ಹೋದ್ರೆ ನಾನು ಯಾವುದ್ರ ಎದುರಿಗೆ ಕೂತ್ಕೊಳ್ಲಿ?"

ನನಗೆ ಈ ಮಾತಿನ ಮೇಲೆ ಸಿಟ್ಟು ಬಂತು. ಇದನ್ನು ಹತ್ತು ಹೆಜ್ಜೆ ನಡೆದು ಎಂದೋ ಹೇಳಿದ್ದರೆ ಎಷ್ಟು ಪಂಪು, ಎಷ್ಟು ಸ್ಪ್ಯಾನರು, ನನ್ನ ಎಷ್ಟು ಚಪ್ಪಲಿ ಉಳಿಯುತ್ತಿತ್ತು! 

ಮೊಹಿದ್ದೀನ್ ಚಾಚಾ ಎದ್ದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಆಟೋಗೆ ತುಂಬಲು ನಿಲ್ಲಿಸಿದ್ದ ಸೈಕಲ್ಲುಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ ಒಂದನ್ನು ಎಳೆದರು. ಗಾಳಿ ಹಾಕಿದರು, ಬ್ರೇಕ್ ಒತ್ತಿ ನೋಡಿದರು, ಚೈನಿಗೆ ಎಣ್ಣೆ ಬಿಟ್ಟರು, ಬೆಲ್ ಬಾರಿಸಿದರು, ಸೀಟನ್ನು ಟೋಪಿಯಿಂದಲೇ ಒರೆಸಿದರು. ಹ್ಯಾಂಡಲ್ಲನ್ನು ಕೃಷ್ಣಪ್ಪನವರ ಕೈಗೆ ಕೊಟ್ಟು ಗುಜರಿಯವನ ಕಡೆ ತಿರುಗಿದರು.

"ಗಾಡಿ ತಿರುಗ್ಸು ಮಿಯಾ. ಒಂದು ಹೊರಗೆ ಹೋಗ್ತಿದೆ. ಅದು ಬರೋವರ್ಗೂ ಏನೂ ಇಲ್ಲ."

"ಅಬ್ಬಾ, ಮತ್ತೆ ನನ್ನ ಕವರು, ಚಾರ್ಜರು?" ಎಂದ ಮುಸ್ತಕೀಮ್.

"ಅರ್ಧ ಗೋಡೆ ತಗೋ. ಕವರು ಏನು ಆನೆನಾ, ಅಷ್ಟು ಜಾಗ ಬೇಕು ಅನ್ನೋಕೆ?" ಎಂದರು ಅಮೀರುನ್ನೀಸಾ ಆಪಾ, ಬಾಗಿಲ ಹಿಂದಿನಿಂದ. ಮಾತು ಮಗನಿಗೆ, ನಗು ಗಂಡನಿಗೆ.

ಭಾನುವಾರ ಬೆಳಿಗ್ಗೆ ಕೃಷ್ಣಪ್ಪನವರು ಇಸ್ತ್ರಿ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಬಾಡಿಗೆ ಸೈಕಲ್ಲಿನಲ್ಲೇ ಹೊರಟರು. ಬಸ್ಸಿನಲ್ಲಿ ಬನ್ನಿ ಎಂದು ಈಶ್ವರಮ್ಮನವರು ಎಷ್ಟು ಹೇಳಿದರೂ ಕೇಳಲಿಲ್ಲ. ಬಾಗಿಲು ತೆರೆದಿಟ್ಟುಕೊಂಡು ಕಾಯಲು ಮುಸ್ತಕೀಮನನ್ನು ಅಂಗಡಿಯಲ್ಲಿ ಬಿಟ್ಟು ಈಶ್ವರಮ್ಮನವರು, ಚಾಚಾ, ಆಪಾ, ನಾನು ನಾಲ್ವರೂ ಬಸ್ಸು ಹತ್ತಿದೆವು. ಮೊಹಿದ್ದೀನ್ ಚಾಚಾ ತಾವು ಬರುತ್ತಿರುವುದು ಸಮಾರಂಭಕ್ಕಲ್ಲ, ಸೈಕಲ್ ವಾಪಸ್ ತರಲಿಕ್ಕೆ ಎಂದು ಸ್ಟ್ಯಾಂಡಿನಲ್ಲೇ ಎಲ್ಲರಿಗೂ ಸ್ಪಷ್ಟಪಡಿಸಿದರು. ಅದಕ್ಕೆ ಹೊಸ ಶೇರ್ವಾನಿ ಯಾಕೆ ಬೇಕಿತ್ತು ಎಂದು ನಾನು ಕೇಳಲಿಲ್ಲ. ಮಾಚೇನಹಳ್ಳಿಯ ಹತ್ತಿರ ನಮ್ಮ ಬಸ್ಸು ಕೃಷ್ಣಪ್ಪನವರನ್ನು ಹಿಂದೆ ಹಾಕಿತು. ಚಾಚಾ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ "ಏಯ್, ಚೈನಿಗೆ ಪಂಚೆ ಸಿಕ್ಕುತ್ತೆ, ಇನ್ನೂ ಎತ್ತಿ ಕಟ್ಟೋ!" ಎಂದು ಕೂಗಿದರು. ಕಂಡಕ್ಟರ್ ಅವರನ್ನು ಒಳಗೆ ಎಳೆದುಕೊಂಡ.

ಗೋಪಾಳದ ಪಾರ್ಕಿನ ಪಕ್ಕ ಶಾಮಿಯಾನ ಹಾಕಿದ್ದರು. ಕೃಷ್ಣಪ್ಪನವರು ಬೆವರಿನಲ್ಲಿ ತೊಯ್ದು ಬಂದು ಸೈಕಲ್ಲಿನಿಂದ ಇಳಿದಾಗ ಹೆಲ್ಮೆಟ್ಟಿನ ಹುಡುಗ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ನಾವು ಹಿಂದಿನ ಸಾಲಿನಲ್ಲಿ ಕೂತೆವು. ಪ್ರಕಾಶ್ ಮಾತಿಗೆ ತಪ್ಪಿರಲಿಲ್ಲ. ಬ್ಯಾನರಿನ ಮೇಲೆ 'ಮಾಜಿ' ಇದ್ದ ಜಾಗಕ್ಕೆ ಕಾಗದ ಅಂಟಿಸಿ 'ಹಾಲಿ' ಎಂದು ಬರೆಸಿದ್ದರು. ಮೈಕಿನಲ್ಲಿಯೂ ಒತ್ತಿ ಹೇಳಿದರು, "ಇಂದಿನ ಮುಖ್ಯ ಅತಿಥಿಗಳು, ಭದ್ರಾವತಿ ಬಾಡಿಗೆ ಸೈಕಲ್ ಅಂಗಡಿ ಮಾಲೀಕರ ಸಂಘದ ಹಾಲಿ ಅಧ್ಯಕ್ಷರು, ಶ್ರೀಯುತ ಕೃಷ್ಣಪ್ಪನವರು!"

ಅಷ್ಟು ವರ್ಷ ಕಾದ ಮಾತು. ಶಿವಮೊಗ್ಗದವರ ಬಾಯಲ್ಲಿ, ಮೈಕಿನಲ್ಲಿ, ಅಷ್ಟು ಜನರ ಮುಂದೆ. ಸುಮ್ಮನೆ ಕೈಮುಗಿದಿದ್ದರೆ ಆಗಿಹೋಗುತ್ತಿತ್ತು. ಕೃಷ್ಣಪ್ಪನವರು ಮೈಕಿನ ಹತ್ತಿರ ಹೋಗಿ, "ಕ್ಷಮಿಸ್ಬೇಕು. ಅದು ನಾನಲ್ಲ" ಎಂದರು.

ಈಶ್ವರಮ್ಮನವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಾನು ಆ ಪಂದ್ಯದಲ್ಲಿ ಕಾಲು ಊರಿ ಗೆದ್ದೋನು. ಗೆದ್ದಿದ್ದು ಗೆದ್ದ ಹಾಗಲ್ಲ. ಹಾಲಿ ಅಧ್ಯಕ್ಷರು ಅಲ್ಲಿ ಹಿಂದುಗಡೆ ಕೂತಿದಾರೆ, ಗುಲಾಮ್ ಮೊಹಿದ್ದೀನ್ ಸಾಹೇಬ್ರು. ದಯವಿಟ್ಟು ಅವರನ್ನ ಮೇಲಕ್ಕೆ ಕರೀರಿ. ನಾನು ಕೆಳಗೆ ಕೂರ್ತೀನಿ."

ಹೇಳಿ, ನಿಜವಾಗಿಯೂ ಇಳಿಯಲು ಹೊರಟರು. ಸಭೆಯ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಪ್ರಕಾಶ್ ಗಾಬರಿಯಾಗಿ ಒಮ್ಮೆ ಬ್ಯಾನರನ್ನು, ಒಮ್ಮೆ ನಮ್ಮ ಸಾಲನ್ನು ನೋಡಿದರು. ಅಮೀರುನ್ನೀಸಾ ಆಪಾ ಗಂಡನ ಪಕ್ಕೆಗೆ ತಿವಿದು "ಉಠೋ ಜೀ" ಎಂದರು.

ಮೊಹಿದ್ದೀನ್ ಚಾಚಾ ಎದ್ದರು. ಅವರಿಗೆ ಮೈಕ್ ಬೇಕಾಗಲಿಲ್ಲ.

"ಅಧ್ಯಕ್ಷ ಅವ್ನೇ!" ಎಂದರು. "ಕೂತ್ಕೊಳೋ ಅಲ್ಲೇ, ಎಲ್ಲಿಗೆ ಇಳೀತಿದೀಯ? ಸಂಘ ಅಂದ್ಮೇಲೆ ಅಧ್ಯಕ್ಷ ಒಬ್ಬ ಬೇಕು, ಮೆಂಬರ್ ಒಬ್ಬ ಬೇಕು. ಇಬ್ರೂ ಅಧ್ಯಕ್ಷರಾದ್ರೆ ಪಂಪ್ ಯಾರು ಹಿಡೀತಾರೆ?"

ಜನ ನಕ್ಕರು. ಕೃಷ್ಣಪ್ಪನವರು ಮೆಟ್ಟಿಲ ಮೇಲೆ ನಿಂತಲ್ಲೇ ನಿಂತಿದ್ದರು. ಪ್ರಕಾಶ್ ಪೆನ್ನು ತೆಗೆದು ಬಹಳ ಗೌರವದಿಂದ ಕೇಳಿದರು, "ಹಾಗಾದ್ರೆ ತಮ್ಮನ್ನ ಏನಂತ ಪರಿಚಯ ಮಾಡ್ಲಿ ಸಾರ್? ಮಾಜಿ ಸದಸ್ಯರು ಅಂತಾನಾ?"

ಮೊಹಿದ್ದೀನ್ ಚಾಚಾ ಉತ್ತರವನ್ನು ಪ್ರಕಾಶರಿಗೆ ಕೊಡಲಿಲ್ಲ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ನೇರವಾಗಿ ಕೃಷ್ಣಪ್ಪನವರ ಮುಂದೆ ಹೋಗಿ ನಿಂತು, ಅವರ ಹೆಗಲಿನ ಮೇಲೆ ಕೈಯಿಟ್ಟರು.

"ಹಾಲಿ" ಎಂದರು. "ನಾವಿಬ್ರೂ ಹಾಲಿ. ಬರ್ಕೊಳ್ಳಿ."